‘ಅಪಾಯದ ಗುಂಪು’ ಎಂಬ ಹಣೆಪಟ್ಟಿ

ರಕ್ತದಾನ ಶಿಬಿರದಲ್ಲಿ ಸೂಜಿಗಿಂತ ಮೊದಲು ಎದುರಾಗುವುದು ಒಂದು ನಮೂನೆ. ಹೆಸರು, ವಯಸ್ಸು, ತೂಕ, ಇತ್ತೀಚೆಗೆ ಕಾಮಾಲೆ ಅಥವಾ ಮಲೇರಿಯಾ ಬಂದಿತ್ತೇ, ಹಚ್ಚೆ ಹಾಕಿಸಿಕೊಂಡಿದ್ದೀರಾ ಎಂಬ ಪ್ರಶ್ನೆಗಳಿಗೆ ಬಹುತೇಕರು ಸರಿಯಾಗಿ ಓದದೆಯೇ ಗುರುತು ಹಾಕಿ ಸಹಿ ಮಾಡುತ್ತಾರೆ. ಈ ನಮೂನೆಯ ಹಿಂದೆ ರಾಷ್ಟ್ರೀಯ ರಕ್ತ ಪೂರಣ ಮಂಡಳಿ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೋ) 2017ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಅದರ ಪ್ರಕಾರ ಲಿಂಗತ್ವ ಅಲ್ಪಸಂಖ್ಯಾತರು, ಪುರುಷರೊಂದಿಗೆ ಲೈಂಗಿಕ ಸಂಬಂಧ ಹೊಂದಿರುವ ಪುರುಷರು ಹಾಗೂ ಲೈಂಗಿಕ ವೃತ್ತಿಯಲ್ಲಿರುವ ಮಹಿಳೆಯರು ‘ಅಪಾಯದ ಗುಂಪು’ಗಳಿಗೆ ಸೇರಿದವರು, ಅವರು ಜೀವಮಾನಪರ್ಯಂತ ರಕ್ತ ನೀಡುವಂತಿಲ್ಲ.

ಇಬ್ಬರು ಪುರುಷರು ಹತ್ತು ವರ್ಷಗಳಿಂದ ಒಂದೇ ಮನೆಯಲ್ಲಿ ಸಂಗಾತಿಗಳಾಗಿ ಬಾಳುತ್ತಿದ್ದಾರೆ ಎಂದುಕೊಳ್ಳೋಣ. ಪರಸ್ಪರ ನಿಷ್ಠರು, ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಸೋಂಕಿಲ್ಲವೆಂದು ಖಚಿತಪಡಿಸಿಕೊಂಡವರು. ಇವರಲ್ಲಿ ಒಬ್ಬನ ತಾಯಿಗೆ ಶಸ್ತ್ರಚಿಕಿತ್ಸೆಯಾದರೆ ಮಗ ಸತ್ಯ ಹೇಳಿ ರಕ್ತ ಕೊಡಲಾರ. ಕೊಡಬೇಕೆಂದರೆ ಸುಳ್ಳು ಹೇಳಬೇಕು. ಸುಳ್ಳು ಹೇಳುವವನನ್ನು ಒಳಗೆ ಬಿಟ್ಟು ನಿಜ ಹೇಳುವವನನ್ನು ಹೊರಗೆ ನಿಲ್ಲಿಸುವ ನಿಯಮವನ್ನು ಸುರಕ್ಷತೆಯ ನಿಯಮವೆಂದು ಕರೆಯುವುದು ಕಷ್ಟ.

ನನ್ನ ಕುತೂಹಲ ಇರುವುದು ಈ ವರ್ಗೀಕರಣ ಎಲ್ಲಿಂದ ಬಂತು ಎಂಬುದರಲ್ಲಿ. ಇದು ಮೂಲತಃ ವೈದ್ಯರ ಕಣ್ಣಿಗೆ ಬಿದ್ದ ಲಕ್ಷಣವೂ ಅಲ್ಲ, ನ್ಯಾಯಾಲಯ ನೀಡಿದ ವ್ಯಾಖ್ಯೆಯೂ ಅಲ್ಲ. ಇದು ಆಯವ್ಯಯದ ಕೂಸು. ಸರ್ಕಾರದ ಹಣವನ್ನು ಎಲ್ಲಿ ಖರ್ಚು ಮಾಡಿದರೆ ಹೆಚ್ಚು ಪ್ರಯೋಜನ ಎಂದು ತೀರ್ಮಾನಿಸಲು ಮಾಡಿಕೊಂಡ ಲೆಕ್ಕದ ತಲೆಬರಹ ಅದು. ಸೇವೆ ತಲುಪಿಸಲೆಂದು ಬರೆದ ಪಟ್ಟಿಯೊಂದು ಕೆಲವೇ ವರ್ಷಗಳಲ್ಲಿ ಅದರಲ್ಲಿ ಹೆಸರಿದ್ದವರ ಹಣೆಪಟ್ಟಿಯಾದದ್ದು ಹೇಗೆ ಎಂಬುದನ್ನು ವಿಚಾರ ಮಾಡುವುದು ಅಗತ್ಯ.

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸೊಲೊಮನ್ ಅವರ ತಂಡದ ಪರಿಶ್ರಮದಿಂದ. ನ್ಯಾಕೋ ಸ್ಥಾಪನೆಯಾದದ್ದು 1992ರಲ್ಲಿ. ಆರಂಭದ ವರ್ಷಗಳಲ್ಲಿ ಸರ್ಕಾರದ ಪ್ರಚಾರವೆಲ್ಲ ಹೆದರಿಸುವ ಭಿತ್ತಿಚಿತ್ರಗಳಲ್ಲೇ ಮುಗಿಯುತ್ತಿತ್ತು. ಸೋಂಕು ಜನಸಂಖ್ಯೆಯಲ್ಲಿ ಸಮನಾಗಿ ಹರಡಿಲ್ಲ, ಕೆಲವು ಗುಂಪುಗಳಲ್ಲಿ ಸಾಂದ್ರವಾಗಿದೆ ಎಂಬುದು ಸಮೀಕ್ಷೆಗಳಿಂದ ಸ್ಪಷ್ಟವಾದಂತೆ ನೀತಿ ಬದಲಾಯಿತು. ಲೈಂಗಿಕ ವೃತ್ತಿಯ ಮಹಿಳೆಯರು, ಸಲಿಂಗ ಸಂಬಂಧ ಹೊಂದಿರುವ ಪುರುಷರು, ಲಿಂಗತ್ವ ಅಲ್ಪಸಂಖ್ಯಾತರು, ಸೂಜಿಯ ಮೂಲಕ ಮಾದಕವಸ್ತು ಸೇವಿಸುವವರು: ಈ ಕೆಲವೇ ಲಕ್ಷ ಜನರಿಗೆ ಕಾಂಡೋಮ್, ಪರೀಕ್ಷೆ, ಚಿಕಿತ್ಸೆ, ಸಲಹೆ ತಲುಪಿಸಿದರೆ ಕೋಟ್ಯಂತರ ಜನರನ್ನು ಕಾಪಾಡಬಹುದು ಎಂಬ ತರ್ಕ ಮುಂದೆ ಬಂತು. ಅರ್ಥಶಾಸ್ತ್ರ ಓದಿದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಖರ್ಚು ಮಾಡುವ ಕೊನೆಯ ರೂಪಾಯಿ ಎಲ್ಲಿ ಅತಿ ಹೆಚ್ಚು ಫಲ ಕೊಡುತ್ತದೋ ಅಲ್ಲಿಗೆ ಅದು ಹೋಗಬೇಕು ಎಂಬ ಪಾಠದ ನೇರ ಅನ್ವಯ ಅದು. 2007ರಲ್ಲಿ ಆರಂಭವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೇ ಹಂತ ಈ ತರ್ಕವನ್ನೇ ಬೆನ್ನೆಲುಬಾಗಿ ಮಾಡಿಕೊಂಡಿತು.

ಫಲಿತಾಂಶವನ್ನು ಯಾರೂ ಅಲ್ಲಗಳೆಯಲಾರರು. ನ್ಯಾಕೋ 2023ರ ಸಾಲಿಗೆ ಮಾಡಿದ ಅಂದಾಜಿನ ಪ್ರಕಾರ 2010ಕ್ಕೆ ಹೋಲಿಸಿದರೆ ದೇಶದಲ್ಲಿ ಹೊಸ ಸೋಂಕುಗಳು ಶೇ 44ರಷ್ಟು ಕಡಿಮೆಯಾಗಿವೆ. ಇದೇ ಅವಧಿಯಲ್ಲಿ ಜಾಗತಿಕ ಇಳಿಕೆ ಶೇ 39. ಕರ್ನಾಟಕದ ಪಾಲು ಇದರಲ್ಲಿ ದೊಡ್ಡದು. ಸೋಂಕಿತರ ಸಂಖ್ಯೆಯಲ್ಲಿ ದೇಶದ ಮುಂಚೂಣಿಯ ರಾಜ್ಯಗಳಲ್ಲಿ ಒಂದಾಗಿದ್ದ ನಮ್ಮಲ್ಲಿ 2003ರಿಂದ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ, ಕರ್ನಾಟಕ ಆರೋಗ್ಯ ಸಂವರ್ಧನ ಟ್ರಸ್ಟ್, ರಾಜ್ಯದ ಏಡ್ಸ್ ನಿಯಂತ್ರಣ ಸೊಸೈಟಿ ಮತ್ತು ಬೆಂಗಳೂರಿನ ‘ಸಂಗಮ’ದಂಥ ಸಮುದಾಯ ಸಂಘಟನೆಗಳು ಕೆಲಸ ಮಾಡಿದವು. ಹಣ ಹೊರಗಿನಿಂದ ಬಂದಿರಬಹುದು. ಆದರೆ ರಾತ್ರಿಯ ಹೊತ್ತು ಉದ್ಯಾನಗಳಿಗೆ, ಬಸ್ ನಿಲ್ದಾಣಗಳ ಹಿಂಬದಿಗೆ ಹೋಗಿ ಕಾಂಡೋಮ್ ಹಂಚಿ, ‘ನಾಳೆ ಆಸ್ಪತ್ರೆಗೆ ನಾನೂ ಬರುತ್ತೇನೆ’ ಎಂದು ಹೇಳಿದವರು ಅದೇ ಸಮುದಾಯದವರು. ಅವರ ಗೌರವಧನ ಒಬ್ಬ ಜವಾನನ ಸಂಬಳದ ಕಾಲುಭಾಗಕ್ಕೂ ಬಾರದು. ಸರ್ಕಾರಿ ವರದಿಗಳಲ್ಲಿ ಅವರು ‘ಸಹವರ್ತಿ ಶಿಕ್ಷಕರು’ ಎಂಬ ಎರಡು ಪದಗಳಾಗಿ ಉಳಿದಿದ್ದಾರೆ.

ಆದರೆ ಈ ಕೆಲಸಕ್ಕೆ ದೊಡ್ಡ ಅಡ್ಡಗೋಡೆಯೊಂದಿತ್ತು. 1860ರ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಇದೇ ಜನರ ಖಾಸಗಿ ಬದುಕನ್ನು ಜೀವಾವಧಿ ಶಿಕ್ಷೆಯವರೆಗೂ ವಿಧಿಸಬಹುದಾದ ಅಪರಾಧವಾಗಿಸಿತ್ತು. ಆರೋಗ್ಯ ಇಲಾಖೆ ಯಾರನ್ನು ‘ಬನ್ನಿ’ ಎಂದು ಕರೆಯುತ್ತಿತ್ತೋ ಅವರನ್ನು ಪೊಲೀಸ್ ಇಲಾಖೆ ಹಿಡಿಯಬಹುದಾಗಿತ್ತು. ನನ್ನ ಸೇವಾವಧಿಯಲ್ಲಿ ಜಿಲ್ಲಾ ಪರಿಶೀಲನಾ ಸಭೆಗಳಲ್ಲಿ ಈ ವೈಚಿತ್ರ್ಯವನ್ನು ಕಣ್ಣಾರೆ ಕಂಡಿದ್ದೇನೆ. ಮೇಜಿನ ಒಂದು ಬದಿಯಲ್ಲಿ ಆರೋಗ್ಯಾಧಿಕಾರಿ ಎಷ್ಟು ಕಾಂಡೋಮ್ ವಿತರಣೆಯಾಯಿತೆಂಬ ಅಂಕಿ ಒಪ್ಪಿಸುತ್ತಿದ್ದರು. ಇನ್ನೊಂದು ಬದಿಯಲ್ಲಿ ಪೊಲೀಸ್ ಅಧಿಕಾರಿ ಸಾರ್ವಜನಿಕ ಉಪದ್ರವದ ಎಷ್ಟು ಪ್ರಕರಣ ದಾಖಲಿಸಲಾಯಿತೆಂಬ ಅಂಕಿ ಒಪ್ಪಿಸುತ್ತಿದ್ದರು. ಇಬ್ಬರ ಗುರಿಯೂ ಈಡೇರಿರುತ್ತಿತ್ತು. ಎರಡೂ ಅಂಕಿಗಳು ಅದೇ ಬೀದಿಯ ಅದೇ ಜನರ ಬಗ್ಗೆ ಎಂಬುದನ್ನು ನಡಾವಳಿಯಲ್ಲಿ ದಾಖಲಿಸುವ ಪದ್ಧತಿ ಇರಲಿಲ್ಲ.

2001ರ ಜುಲೈನಲ್ಲಿ ಲಖನೌದಲ್ಲಿ ನಡೆದದ್ದು ಇದರ ಅತಿರೇಕದ ಉದಾಹರಣೆ. ಎಚ್‌ಐವಿ ತಡೆ ಕೆಲಸ ಮಾಡುತ್ತಿದ್ದ ನಾಲ್ವರು ಕಾರ್ಯಕರ್ತರನ್ನು 377ನೇ ಕಲಂ ಸೇರಿದಂತೆ ಹಲವು ಕಲಂಗಳಡಿ ಬಂಧಿಸಲಾಯಿತು. ಅವರ ಕಚೇರಿಯಲ್ಲಿದ್ದ ಆರೋಗ್ಯ ಶಿಕ್ಷಣದ ಸಾಮಗ್ರಿಯೇ ಅವರ ವಿರುದ್ಧದ ಸಾಕ್ಷ್ಯವಾಯಿತು. ಅವರು ಒಂದು ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಅದೇ ವರ್ಷದ ಫೆಬ್ರುವರಿಯಲ್ಲಿ ಪಿಯುಸಿಎಲ್‌ನ ಕರ್ನಾಟಕ ಘಟಕ ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯಗಳ ಕುರಿತು ಸತ್ಯಶೋಧನಾ ವರದಿ ಪ್ರಕಟಿಸಿತ್ತು. 2003ರಲ್ಲಿ ಹಿಜಡಾ ಮತ್ತು ಕೋಥಿ ಸಮುದಾಯದವರ ಮೇಲಿನ ಹಿಂಸೆಯ ಬಗ್ಗೆ ಇನ್ನೊಂದು ವರದಿ ಬಂತು. ದೆಹಲಿ ಹೈಕೋರ್ಟಿನ ಮುಂದೆ ನಡೆದ ಐತಿಹಾಸಿಕ ವ್ಯಾಜ್ಯದಲ್ಲಿ ಬೆಂಗಳೂರಿನ ಈ ದಾಖಲೆಗಳೂ ಉಲ್ಲೇಖಗೊಂಡವು.

ಆ ವ್ಯಾಜ್ಯ ಹುಟ್ಟಿದ್ದೇ ಸಾರ್ವಜನಿಕ ಆರೋಗ್ಯದ ನೆಲೆಯಿಂದ ಎಂಬುದನ್ನು ನಾವು ಮರೆತಿದ್ದೇವೆ. ಎಚ್‌ಐವಿ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದ ನಾಜ್ ಫೌಂಡೇಷನ್ 2001ರಲ್ಲಿ ಅರ್ಜಿ ಸಲ್ಲಿಸಿ, 377ನೇ ಕಲಂ ತನ್ನ ಕೆಲಸಕ್ಕೆ ಅಡ್ಡಿ ಎಂದು ವಾದಿಸಿತು. 2004ರಲ್ಲಿ ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರುಪರಿಶೀಲನೆಗೆ ಹಿಂದಕ್ಕೆ ಕಳುಹಿಸಿತು. ಆಗ ಒಂದೇ ಸರ್ಕಾರದ ಎರಡು ಸಚಿವಾಲಯಗಳು ಎರಡು ಬಾಯಲ್ಲಿ ಮಾತಾಡಿದವು. ಭಾರತೀಯ ಸಮಾಜ ಇದನ್ನು ಒಪ್ಪುವುದಿಲ್ಲ, ಕಲಂ ಇರಲಿ ಎಂದು ಗೃಹ ಸಚಿವಾಲಯ ಹೇಳಿತು. ಆರೋಗ್ಯ ಸಚಿವಾಲಯದ ಅಧೀನದ ನ್ಯಾಕೋ 2006ರ ತನ್ನ ಪ್ರಮಾಣಪತ್ರದಲ್ಲಿ ತದ್ವಿರುದ್ಧವಾದುದನ್ನು ಹೇಳಿತು. ಪುರುಷರೊಂದಿಗೆ ಲೈಂಗಿಕ ಸಂಬಂಧ ಹೊಂದಿರುವ ಪುರುಷರ ಸಂಖ್ಯೆ ಸುಮಾರು 25 ಲಕ್ಷ ಎಂದೂ, ಅವರಲ್ಲಿ ಸೋಂಕಿನ ಪ್ರಮಾಣ ಶೇ 8ರ ಆಸುಪಾಸು, ಒಟ್ಟು ಜನಸಂಖ್ಯೆಯಲ್ಲಿ ಶೇ 1ಕ್ಕಿಂತ ಕಡಿಮೆ ಎಂದೂ ಅದು ತಿಳಿಸಿತು. ಕಾನೂನಿನ ಭಯದಿಂದ ಇವರಲ್ಲಿ ಬಹುಪಾಲು ಜನ ಬೆಳಕಿಗೆ ಬಾರದೆ, ಸೇವೆಗಳ ಕೈಗೆ ಸಿಗದೆ ಉಳಿದಿದ್ದಾರೆ ಎಂಬುದು ಅದರ ವಾದದ ಸಾರ. ಆಡಳಿತದಲ್ಲಿ ಮೂರು ದಶಕ ಕಳೆದವನಾಗಿ ಹೇಳುವುದಾದರೆ, ಸರ್ಕಾರದ ಅಂಗಸಂಸ್ಥೆಯೊಂದು ಗೃಹ ಸಚಿವಾಲಯದ ನಿಲುವಿಗೆ ವಿರುದ್ಧವಾಗಿ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳುವುದು ಸಣ್ಣ ಧೈರ್ಯವೇನಲ್ಲ. ಅದೇ ವರ್ಷ ವಿಕ್ರಮ್ ಸೇಠ್ ಮುಂತಾದವರ ಬಹಿರಂಗ ಪತ್ರಕ್ಕೆ ಅಮರ್ತ್ಯ ಸೇನ್ ಪ್ರತ್ಯೇಕ ಹೇಳಿಕೆ ನೀಡಿ ಬೆಂಬಲ ಸೂಚಿಸಿದ್ದರು.

ಮುಂದಿನದು ಓದುಗರಿಗೆ ಗೊತ್ತಿರುವ ಚರಿತ್ರೆ. 2009ರ ಜುಲೈ 2ರಂದು ಮುಖ್ಯ ನ್ಯಾಯಮೂರ್ತಿ ಎ.ಪಿ. ಶಾ ಮತ್ತು ನ್ಯಾಯಮೂರ್ತಿ ಎಸ್. ಮುರಳೀಧರ್ ಅವರ ಪೀಠ, ವಯಸ್ಕರ ಸಮ್ಮತಿಯ ಖಾಸಗಿ ಸಂಬಂಧ ಅಪರಾಧವಲ್ಲ ಎಂದಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು. 2018ರ ಸೆಪ್ಟೆಂಬರ್ 6ರಂದು ಸಂವಿಧಾನ ಪೀಠ ಒಮ್ಮತದಿಂದ ಹಳೆಯ ತಪ್ಪನ್ನು ತಿದ್ದಿತು.

2013ರ ತೀರ್ಪಿನ ಒಂದು ವಾದವನ್ನು ಮಾತ್ರ ಇಲ್ಲಿ ನಿಂತು ನೋಡಬೇಕು. ಲೈಂಗಿಕ ಅಲ್ಪಸಂಖ್ಯಾತರು ಜನಸಂಖ್ಯೆಯ ಅತ್ಯಲ್ಪ ಭಾಗ, ನೂರೈವತ್ತು ವರ್ಷಗಳಲ್ಲಿ ಈ ಕಲಂ ಅಡಿ ವಿಚಾರಣೆಗೊಳಗಾದವರು ವರದಿಯಾದ ತೀರ್ಪುಗಳ ಪ್ರಕಾರ 200ಕ್ಕಿಂತಲೂ ಕಡಿಮೆ ಎಂದು ನ್ಯಾಯಾಲಯ ಹೇಳಿತ್ತು. ಕಾನೂನಿನ ಪರಿಣಾಮವನ್ನು ಮೊಕದ್ದಮೆಗಳ ಎಣಿಕೆಯಿಂದ ಅಳೆಯುವ ಈ ಕ್ರಮ ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ. ಬೇಲಿಗೆ ವಿದ್ಯುತ್ ಹರಿಸಿದರೆ ಅದರಿಂದ ಸತ್ತ ದನಗಳ ಲೆಕ್ಕದಲ್ಲಿ ಬೇಲಿಯ ಪರಿಣಾಮ ತಿಳಿಯದು; ಆ ಕಡೆ ಮೇಯಲು ಹೋಗದೇ ಉಳಿದ ದನಗಳೆಷ್ಟು ಎಂದು ನೋಡಬೇಕು. ಮೊಕದ್ದಮೆ ಹೂಡುವ ಅಗತ್ಯವೇ ಇಲ್ಲದೆ ಹಣ ಕೀಳಬಹುದಾದ ಕಲಂ ಅದಾಗಿತ್ತು. ಠಾಣೆಯ ಮೆಟ್ಟಿಲೇರದ ಪ್ರಕರಣ ಯಾವ ಕಾನೂನು ವರದಿಯಲ್ಲಿ ಸಿಗುತ್ತದೆ? ಗುದದ್ವಾರದ ಹುಣ್ಣನ್ನು ವೈದ್ಯರಿಗೆ ತೋರಿಸಲು ನಾಚಿ, ಹೆದರಿ, ಔಷಧ ಅಂಗಡಿಯಲ್ಲಿ ಮೂಲವ್ಯಾಧಿಯ ಮುಲಾಮು ಕೊಂಡು ಹಿಂದಿರುಗಿದವನು ಯಾವ ಅಂಕಿ ಅಂಶದಲ್ಲಿದ್ದಾನೆ?

ಈ ಭಯದ ಬೆಲೆ ತೆತ್ತವರು ಅವರು ಮಾತ್ರವಲ್ಲ. ನಮ್ಮ ಸಮಾಜದಲ್ಲಿ ಮದುವೆ ವ್ಯಕ್ತಿಯ ಆಯ್ಕೆಗಿಂತ ಹೆಚ್ಚಾಗಿ ಮನೆತನದ ತೀರ್ಮಾನ. ಗಂಡಸಿನತ್ತಲೇ ಒಲವಿರುವ ಮಗ ಅದನ್ನು ಹೇಳಲಾರ. ‘ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ’ ಎಂಬ ಹಿರಿಯರ ನಂಬಿಕೆಗೆ ಶರಣಾಗುತ್ತಾನೆ. ಅವನ ಹೆಂಡತಿಗೆ ಆ ಒಲವಿನ ಸುಳಿವು ಇರುವುದಿಲ್ಲ, ಅಪಾಯದ ಅರಿವೂ ಇರುವುದಿಲ್ಲ. ದೇಶದ ಎಚ್‌ಐವಿ ಸೋಂಕಿತರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಹಿಳೆಯರು. ಅವರಲ್ಲಿ ಅನೇಕರಿಗೆ ವಿಷಯ ಗೊತ್ತಾಗುವುದು ಬಸುರಿ ತಪಾಸಣೆಯಲ್ಲಿ. ಮಗು ಬರುತ್ತಿದೆ ಎಂಬ ಸಂತೋಷದ ದಿನವೇ ಕೈಗೆ ಆ ಚೀಟಿ ಬರುತ್ತದೆ. ಇವರೆಲ್ಲರ ಗಂಡಂದಿರಿಗೂ ಸೋಂಕು ಬಂದದ್ದು ಸಲಿಂಗ ಸಂಬಂಧದಿಂದ ಎಂದು ನಾನು ಹೇಳುತ್ತಿಲ್ಲ, ಹೆಚ್ಚಿನವರಿಗೆ ಹಾಗಲ್ಲ. ಆದರೆ ಮುಚ್ಚಿಡುವ ಒತ್ತಡ ಎಲ್ಲಿದೆಯೋ ಅಲ್ಲಿ ಪರೀಕ್ಷೆ ತಡವಾಗುತ್ತದೆ, ತಡವಾದಷ್ಟೂ ಸೋಂಕು ಮನೆಯೊಳಗೆ ನಡೆದುಬರುತ್ತದೆ. ‘ಕುಟುಂಬದ ಮೌಲ್ಯ’ಗಳ ಹೆಸರಿನಲ್ಲಿ 377ನೇ ಕಲಮನ್ನು ಸಮರ್ಥಿಸಿದವರು ಈ ಹೆಣ್ಣುಮಕ್ಕಳನ್ನು ಯಾವ ಕುಟುಂಬಕ್ಕೆ ಸೇರಿದವರೆಂದು ಭಾವಿಸಿದ್ದರೋ ತಿಳಿಯದು.

ಹೆಣ್ಣುಮಕ್ಕಳ ವಿಷಯ ಬಂದಾಗ ಈ ಪಟ್ಟಿಯ ಇನ್ನೊಂದು ಕುರುಡುತನವನ್ನೂ ಹೇಳಬೇಕು. ಹೆಣ್ಣನ್ನು ಪ್ರೀತಿಸುವ ಹೆಣ್ಣುಮಕ್ಕಳಲ್ಲಿ ಎಚ್‌ಐವಿ ಅಪಾಯ ಕಡಿಮೆ. ಹಾಗಾಗಿ ಆಯವ್ಯಯದಲ್ಲಿ ಅವರಿಗೊಂದು ಸಾಲೇ ಇಲ್ಲ. ಕಾಯಿಲೆ ಹರಡದವರು ಆರೋಗ್ಯ ಇಲಾಖೆಯ ಪಾಲಿಗೆ ಅಸ್ತಿತ್ವದಲ್ಲೇ ಇಲ್ಲ! ಅವರ ಸಂಕಟ ಬೇರೆ ಬಗೆಯದು: ಗೃಹಬಂಧನ, ಬಲವಂತದ ಮದುವೆ, ‘ಚಿಕಿತ್ಸೆ’ಯ ಹೆಸರಿನ ಹಿಂಸೆ, ಆತ್ಮಹತ್ಯೆ. ಮಧುರೆಯಿಂದ ಚೆನ್ನೈಗೆ ಓಡಿಬಂದ ಇಬ್ಬರು ಯುವತಿಯರು ರಕ್ಷಣೆ ಕೋರಿದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್, ಈ ವಿಷಯ ತಮಗೆ ಸರಿಯಾಗಿ ಅರ್ಥವಾಗಿಲ್ಲವೆಂದು ಹೇಳಿ ಸ್ವತಃ ಮನಶ್ಶಾಸ್ತ್ರಜ್ಞರ ಬಳಿ ಕುಳಿತು ತಿಳಿದುಕೊಂಡರು. ಆಮೇಲೆ 2021ರ ಜೂನ್ 7ರಂದು ಆದೇಶ ನೀಡಿ, ಲೈಂಗಿಕ ಒಲವನ್ನು ‘ಬದಲಾಯಿಸುವ’ ಚಿಕಿತ್ಸೆಯನ್ನು ನಿಷೇಧಿಸಿದರು. ಅದರ ಫಲವಾಗಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಸಾರಿತು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. ಅಲ್ಲಿಂದ ನಮ್ಮ ವೈದ್ಯಕೀಯ ನಿಯಂತ್ರಕರ ಬಾಗಿಲಿಗೆ ಆ ಮಾತು ತಲುಪಲು ಮೂವತ್ತೆರಡು ವರ್ಷ ಹಿಡಿಯಿತು.

ತಲುಪಿದ್ದು ಬಾಗಿಲಿಗೆ ಮಾತ್ರ. ಒಳಗೆ ಹೋಯಿತೇ ಎಂಬ ಅನುಮಾನಕ್ಕೆ ಕಾರಣವಿದೆ. 2024ರಲ್ಲಿ ಅದೇ ಆಯೋಗ ಎಂಬಿಬಿಎಸ್ ಪಠ್ಯಕ್ರಮದ ಹೊಸ ಮಾರ್ಗಸೂಚಿ ಹೊರಡಿಸಿ, ನ್ಯಾಯ ವೈದ್ಯಶಾಸ್ತ್ರದ ಪಾಠದಲ್ಲಿ ಸ್ತ್ರೀಯರ ಸಲಿಂಗ ಸಂಬಂಧವನ್ನು ಅಸ್ವಾಭಾವಿಕ ಲೈಂಗಿಕ ಅಪರಾಧಗಳ ಸಾಲಿಗೆ ಮತ್ತೆ ಸೇರಿಸಿತು. ಪ್ರತಿಭಟನೆ ಎದ್ದ ಮೇಲೆ ಸೆಪ್ಟೆಂಬರ್‌ನಲ್ಲಿ ಹಿಂಪಡೆಯಿತು. ಸುಪ್ರೀಂ ಕೋರ್ಟ್ ತೀರ್ಪು ಬಂದು ಆರು ವರ್ಷವಾಗಿತ್ತು. ಯಾರೋ ಹಳೆಯ ಕಡತದಿಂದ ನಕಲು ಮಾಡಿರಬೇಕು ಎಂಬುದು ನನ್ನ ಊಹೆ. ಸರ್ಕಾರಿ ಕಚೇರಿಗಳಲ್ಲಿ ದುರುದ್ದೇಶಕ್ಕಿಂತ ನಕಲಿನಿಂದ ಆಗುವ ಹಾನಿಯೇ ಹೆಚ್ಚು. ಆದರೆ ಆ ಪುಟವನ್ನು ಓದಿ ಪಾಸಾಗಿ ಹೊರಬಂದ ವೈದ್ಯರು ಇಂದು ಸಾವಿರಾರು ಸಂಖ್ಯೆಯಲ್ಲಿ ನಮ್ಮ ಆಸ್ಪತ್ರೆಗಳಲ್ಲಿದ್ದಾರೆ ಎಂಬುದನ್ನು ಯಾವ ತಿದ್ದೋಲೆಯೂ ಅಳಿಸದು.

ಸ್ವಾರಸ್ಯವೆಂದರೆ ಸಂಸತ್ತು ಈ ವಿಷಯದಲ್ಲಿ ನ್ಯಾಯಾಲಯಕ್ಕಿಂತ ಮುಂದಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್, ಲೈಂಗಿಕ ಒಲವಿನ ಆಧಾರದ ಮೇಲೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ ಎನ್ನುತ್ತದೆ. ಆಗ 377ನೇ ಕಲಂ ಇನ್ನೂ ಜಾರಿಯಲ್ಲಿತ್ತು. ಖಿನ್ನತೆಗೆ ಚಿಕಿತ್ಸೆ ಕೊಡಬೇಕು, ಖಿನ್ನತೆಗೆ ಕಾರಣವಾದ ಕಾನೂನು ಇರಲಿ ಎಂಬ ಸ್ಥಿತಿ ಅದು. ಇಂದು ಆ ಕಲಂ ಇಲ್ಲ, ಕಾಯ್ದೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರಿಲ್ಲ ಎಂಬುದು ಉಳಿದ ಮಾತು.

ಈ ಬಹಿಷ್ಕಾರದಿಂದಾಗುವ ನಷ್ಟಕ್ಕೆ ಬೆಲೆ ಕಟ್ಟುವ ಪ್ರಯತ್ನವೂ ನಡೆದಿದೆ. ವಿಶ್ವಬ್ಯಾಂಕಿಗಾಗಿ ಅರ್ಥಶಾಸ್ತ್ರಜ್ಞೆ ಲೀ ಬ್ಯಾಜೆಟ್ 2014ರಲ್ಲಿ ಭಾರತದ ಕುರಿತು ನಡೆಸಿದ ಅಧ್ಯಯನ, ಆರೋಗ್ಯ ಮತ್ತು ದುಡಿಮೆಯ ನಷ್ಟವನ್ನು ರಾಷ್ಟ್ರೀಯ ಉತ್ಪನ್ನದ ಶೇ 0.1ರಿಂದ ಶೇ 1.7ರವರೆಗೆ ಅಂದಾಜು ಮಾಡಿತು. ಕೆಳಗಿನ ಮತ್ತು ಮೇಲಿನ ಅಂಕಿಗಳ ನಡುವೆ ಹದಿನೇಳು ಪಟ್ಟು ಅಂತರವಿರುವ ಅಂದಾಜನ್ನು ಹಣಕಾಸು ಇಲಾಖೆಯ ಮುಂದಿಟ್ಟರೆ ಅವರು ಮುಗುಳ್ನಕ್ಕಾರು. ನನಗೂ ಆ ಅಂಕಿಯ ಮೇಲೆ ಹೆಚ್ಚು ನಂಬಿಕೆ ಇಲ್ಲ. ಆದರೆ ಅಂತರ ಇಷ್ಟು ದೊಡ್ಡದಾಗಿರುವುದಕ್ಕೆ ಕಾರಣವೇ ಪಾಠ: ಅಡಗಿ ಬದುಕುವವರನ್ನು ಎಣಿಸಲಾಗದು, ಎಣಿಕೆಗೆ ಸಿಗದವರ ನಷ್ಟವನ್ನು ಲೆಕ್ಕ ಹಾಕಲಾಗದು.

ಈಗ ತುರ್ತಾಗಿ ನೋಡಬೇಕಾದ ಸಂಗತಿ ಬೇರೆಯೇ ಇದೆ. ನ್ಯಾಕೋದ 2021ರ ಕಾವಲು ಸಮೀಕ್ಷೆಯ ಪ್ರಕಾರ ಬಸುರಿ ಹೆಂಗಸರಲ್ಲಿ ಸೋಂಕಿನ ಪ್ರಮಾಣ ಶೇ 0.22, ಪುರುಷರೊಂದಿಗೆ ಸಂಬಂಧ ಹೊಂದಿರುವ ಪುರುಷರಲ್ಲಿ ಶೇ 3.26. ಹದಿನೈದು ವರ್ಷಗಳಲ್ಲಿ ಇದು ಗಣನೀಯವಾಗಿ ಇಳಿದಿದೆ, ಆದರೂ ಅಂತರ ಹದಿನೈದು ಪಟ್ಟು. ನಮ್ಮ ಕಾರ್ಯಕ್ರಮ ಕಟ್ಟಿದ್ದು ಉದ್ಯಾನ, ನಿಲ್ದಾಣ, ಚಿತ್ರಮಂದಿರಗಳಂಥ ಭೇಟಿಯ ಜಾಗಗಳನ್ನು ಗುರುತು ಹಾಕಿಕೊಂಡು. ಇಂದಿನ ಯುವಕ ಅಲ್ಲಿಗೆ ಹೋಗುವುದಿಲ್ಲ. ಅವನ ಭೇಟಿ ನಿಗದಿಯಾಗುವುದು ಮೊಬೈಲ್ ಫೋನಿನಲ್ಲಿ. ಅವನು ತನ್ನನ್ನು ಯಾವ ‘ಗುಂಪಿನ’ ಸದಸ್ಯ ಎಂದೂ ಭಾವಿಸುವುದಿಲ್ಲ. ಹತ್ತಿರದ ಕೇಂದ್ರಕ್ಕೆ ಹೋಗಿ ಆ ಹೆಸರಿನ ಅಡಿಯಲ್ಲಿ ನೋಂದಾಯಿಸಿಕೊಳ್ಳಬೇಕೆಂದರೆ ಅವನು ಬಾರದಿರುವ ಸಾಧ್ಯತೆಯೇ ಹೆಚ್ಚು. ಸೋಂಕು ತಗಲುವ ಮುನ್ನವೇ ಸೇವಿಸಬಹುದಾದ ತಡೆಮಾತ್ರೆಗಳಿವೆ. ಅವುಗಳನ್ನು ತಯಾರಿಸಿ ಹೊರದೇಶಗಳಿಗೆ ಕಳುಹಿಸುವವರಲ್ಲಿ ನಮ್ಮ ಔಷಧ ಕಂಪನಿಗಳೇ ಮುಂದಿವೆ. ತನ್ನ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ಕೇಳುವ ಧೈರ್ಯ ಎಷ್ಟು ಜನರಿಗಿದೆ? ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗದ ಮುಂದೆ ನೆರೆಮನೆಯವರು ಕಂಡರೆ ಏನು ಗತಿ ಎಂಬ ಹೆದರಿಕೆಗೆ ಸಂವಿಧಾನ ಪೀಠದ ತೀರ್ಪಿನಲ್ಲಿ ಪರಿಹಾರವಿಲ್ಲ. ಅದಕ್ಕೆ ಪರಿಹಾರ ಸಾಮಾನ್ಯ ಹೊರರೋಗಿ ವಿಭಾಗದಲ್ಲಿದೆ. ರಕ್ತದೊತ್ತಡ, ಮಧುಮೇಹ ನೋಡುವ ಅದೇ ಕೊಠಡಿಯಲ್ಲಿ, ಅದೇ ವೈದ್ಯರು, ಹುಬ್ಬೇರಿಸದೆ ಈ ಪ್ರಶ್ನೆಗಳನ್ನೂ ಕೇಳುವಂತಾಗಬೇಕು. ಅರವತ್ತು ದಾಟಿದ ಸಲಿಂಗಿಗೂ ಮಂಡಿನೋವು ಬರುತ್ತದೆ, ಪ್ರಾಸ್ಟೇಟ್ ತೊಂದರೆ ಕೊಡುತ್ತದೆ.

ಹಳೆಯ ಕಲಂ ಹೋದ ಮೇಲೆ ಉಂಟಾದ ಒಂದು ತೆರಪನ್ನೂ ಹೇಳದಿದ್ದರೆ ತಪ್ಪಾದೀತು. 2018ರ ತೀರ್ಪು ಸಮ್ಮತಿಯ ಸಂಬಂಧವನ್ನಷ್ಟೇ 377ರಿಂದ ಹೊರಗಿಟ್ಟಿತ್ತು. ಬಲಾತ್ಕಾರಕ್ಕೆ ಆ ಕಲಂ ಉಳಿದಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಸಮನಾದ ಸೆಕ್ಷನ್ನೇ ಇಲ್ಲ. ವಯಸ್ಕ ಪುರುಷನ ಮೇಲೆ ಅಥವಾ ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ಅತ್ಯಾಚಾರ ನಡೆದರೆ ಅದನ್ನು ಅತ್ಯಾಚಾರವೆಂದು ದಾಖಲಿಸಲು ದಾರಿಯಿಲ್ಲ. ಅಂಥ ಸಂತ್ರಸ್ತನಿಗೆ 72 ಗಂಟೆಯೊಳಗೆ ಎಚ್‌ಐವಿ ತಡೆ ಔಷಧ ಆರಂಭವಾಗಬೇಕು. ಠಾಣೆಯಲ್ಲಿ ಅವನ ದೂರಿಗೆ ಹೆಸರೇ ಇಲ್ಲವೆಂದಾದರೆ ಅವನು ಆಸ್ಪತ್ರೆಗೆ ಯಾವ ಚೀಟಿ ಹಿಡಿದು ಬರುತ್ತಾನೆ?

ಮತ್ತೆ ರಕ್ತದ ವಿಷಯ. ರಕ್ತ ಪಡೆಯುವವರ ಹಕ್ಕು ನೀಡುವವರ ಹಕ್ಕಿಗಿಂತ ದೊಡ್ಡದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ತಿಂಗಳಿಗೊಮ್ಮೆ ರಕ್ತ ಪಡೆಯಲೇಬೇಕಾದ ಥಲಸ್ಸೀಮಿಯಾ ಮಕ್ಕಳ ತಂದೆತಾಯಿಗೆ ಯಾರ ಘನತೆಯ ಪಾಠವನ್ನೂ ಹೇಳುವ ಅಧಿಕಾರ ನಮಗಿಲ್ಲ. ಹೊಸ ಸೋಂಕು ಪರೀಕ್ಷೆಯಲ್ಲಿ ಕಾಣಿಸದ ಕೆಲವು ದಿನಗಳ ಅವಧಿಯೂ ನಿಜ. ಸುಧಾರಿತ ‘ನ್ಯಾಟ್’ ಪರೀಕ್ಷೆ ಅದನ್ನು ಕಿರಿದಾಗಿಸುತ್ತದೆ, ಇಲ್ಲವಾಗಿಸದು. ಈ ಅವಧಿ ದಿನಗಳ ಅಥವಾ ವಾರಗಳ ಮಾತು, ಜೀವಮಾನದ ಮಾತಲ್ಲ. ದಾನಿಯನ್ನು ಮೂರು ತಿಂಗಳು ಕಾಯಿಸಲು ವಿಜ್ಞಾನದ ಆಧಾರವಿದೆ. ಸಾಯುವವರೆಗೂ ಕಾಯಿಸಲು ಇಲ್ಲ. ನಮ್ಮ ರಕ್ತ ವ್ಯವಸ್ಥೆ ನಿಜವಾಗಿ ಸುರಕ್ಷಿತವಾದದ್ದು ಬೇರೆ ಕ್ರಮಗಳಿಂದ. 1996ರಲ್ಲಿ ಸುಪ್ರೀಂ ಕೋರ್ಟ್ ಆದೇಶ ನೀಡಿ, 1998ರ ಜನವರಿಯಿಂದ ಹಣಕ್ಕಾಗಿ ರಕ್ತ ಮಾರುವುದನ್ನು ನಿಲ್ಲಿಸಿದ್ದು ಅವುಗಳಲ್ಲಿ ಮುಖ್ಯವಾದುದು.

ಈ ಮಾರ್ಗಸೂಚಿಯನ್ನು ಮಣಿಪುರದ ಲಿಂಗತ್ವ ಅಲ್ಪಸಂಖ್ಯಾತ ಕಾರ್ಯಕರ್ತೆಯೊಬ್ಬರು 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2023ರಲ್ಲಿ ಕೇಂದ್ರ ಸರ್ಕಾರ ಪ್ರಮಾಣಪತ್ರ ಸಲ್ಲಿಸಿ ನಿಷೇಧವನ್ನು ಸಮರ್ಥಿಸಿಕೊಂಡಿತು. ಅದಕ್ಕೆ ಕೊಟ್ಟ ಆಧಾರ, ಈ ಗುಂಪುಗಳಲ್ಲಿ ಸೋಂಕಿನ ಪ್ರಮಾಣ ಹೆಚ್ಚು ಎಂಬುದು. 2006ರಲ್ಲಿ ನ್ಯಾಕೋ ಅದೇ ಬಗೆಯ ಅಂಕಿ ಹಿಡಿದು ಬಾಗಿಲು ತೆರೆಯಿರಿ ಎಂದು ಕೇಳಿತ್ತು. ಈಗ ಅದೇ ಬಗೆಯ ಅಂಕಿ ಬಾಗಿಲಿಗೆ ಬೀಗವಾಗಿದೆ. 2025ರ ಮೇ ತಿಂಗಳಲ್ಲಿ ನ್ಯಾಯಾಲಯ, ಇಡೀ ಸಮುದಾಯವನ್ನೇ ಅಪಾಯಕಾರಿ ಎಂದು ಬಿಂಬಿಸುವುದು ಸರಿಯೇ ಎಂದು ಕೇಳಿ, ತಜ್ಞರ ಅಭಿಪ್ರಾಯ ಪಡೆಯುವಂತೆ ಕೇಂದ್ರಕ್ಕೆ ಸೂಚಿಸಿತು.

ತಜ್ಞರು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಬ್ರಿಟನ್ 2021ರ ಜೂನ್ 14ರಿಂದ, ಕೆನಡಾ 2022ರಿಂದ, ಅಮೆರಿಕ 2023ರಿಂದ ದಾನಿ ಯಾವ ಗುಂಪಿನವನು ಎಂದು ಕೇಳುವುದನ್ನು ಬಿಟ್ಟಿವೆ. ಗಂಡಾಗಲಿ ಹೆಣ್ಣಾಗಲಿ, ಒಲವು ಯಾರತ್ತಲೇ ಇರಲಿ, ಎಲ್ಲರಿಗೂ ಒಂದೇ ಪ್ರಶ್ನೆ: ಕಳೆದ ಮೂರು ತಿಂಗಳಲ್ಲಿ ಹೊಸ ಸಂಗಾತಿ ಇದ್ದರೇ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿದ್ದರೇ, ಸಂಬಂಧ ಯಾವ ಬಗೆಯದು? ಉತ್ತರ ಅಪಾಯ ಸೂಚಿಸಿದರೆ ಆ ಬಾರಿಗೆ ರಕ್ತ ತೆಗೆದುಕೊಳ್ಳುವುದಿಲ್ಲ. ಪರಸ್ತ್ರೀ ಸಹವಾಸವಿರುವ ಗೃಹಸ್ಥನೂ ಇದೇ ಜರಡಿಯಲ್ಲಿ ಸಿಕ್ಕಿಬೀಳುತ್ತಾನೆ. ಇಂಥ ಪ್ರಶ್ನೆಗಳನ್ನು ಗಣೇಶೋತ್ಸವದ ಪೆಂಡಾಲಿನ ಪಕ್ಕದ ಶಿಬಿರದಲ್ಲಿ, ಹತ್ತು ಜನರ ಎದುರು, ಕಾಗದದ ಮೇಲೆ ಕೇಳಿದರೆ ನಿಜವಾದ ಉತ್ತರ ಬಾರದು ಎಂಬ ಆಕ್ಷೇಪ ಸಹಜ. ಅದಕ್ಕೆ ಬೇಕಾದದ್ದು ಒಂದು ಪರದೆ, ಒಂದು ಕುರ್ಚಿ ಮತ್ತು ಪಿಸುಮಾತಿನಲ್ಲಿ ಕೇಳಲು ತರಬೇತಿ ಪಡೆದ ಒಬ್ಬ ದಾದಿ. ಖಾಸಗಿಯಾಗಿ ಆಪ್ತ ಸಮಾಲೋಚನೆ ಆಗಬೇಕೆಂದು ನಮ್ಮ ಮಾರ್ಗಸೂಚಿಗಳೂ ಹೇಳುತ್ತವೆ; ಶಿಬಿರ ನಡೆಸುವವರು ಅಷ್ಟು ಖರ್ಚು ಮಾಡುವರೇ ಎಂಬುದನ್ನು ಮುಂದಿನ ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನದಂದು ಜಿಲ್ಲಾ ಆರೋಗ್ಯಾಧಿಕಾರಿಗಳು ಒಮ್ಮೆ ಹೋಗಿ ನೋಡಿ ಬರಬಹುದು.